ಖಾಸಗಿ ಜೆಟ್‌ನಲ್ಲಿ ಸಂಬಳ ಎಷ್ಟು ಕೇಳಬೇಕು: ನಾನು ಕಲಿತದ್ದು

ಕಳೆದ ತಿಂಗಳು ಹಾಸನದ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ನಾನು ಖಾಸಗಿ ಜೆಟ್‌ಗೆ ಬರುವ ಮೊದಲಿದ್ದ ಏರ್‌ಲೈನ್‌ನಲ್ಲೇ ಈಗ ಅವಳು ಕ್ಯಾಬಿನ್ ಕ್ರೂ, ಅಂದರೆ ನನ್ನ ಹಾಗೆ ವಿಮಾನದೊಳಗೆ ಪ್ರಯಾಣಿಕರನ್ನು ನೋಡಿಕೊಳ್ಳುವವಳು. “ಅಕ್ಕ, ಪ್ರೈವೇಟ್ ಜೆಟ್ ಒಂದಕ್ಕೆ ಕರೀತಿದಾರೆ. ಸಂಬಳ ಎಷ್ಟು ಬೇಕು ಅಂತ ನನ್ನನ್ನೇ ಕೇಳಿದಾರೆ. ಎಷ್ಟು ಹೇಳ್ಲಿ?”

“ಯಾವ ವಿಮಾನ?” ಅಂದೆ. ಗೊತ್ತಿಲ್ಲ ಅಂದಳು. “ಓನರ್ ಓಡಾಡೋಕೆ ಮಾತ್ರಾನಾ, ಚಾರ್ಟರ್‌ಗೂ, ಅಂದ್ರೆ ಬೇರೆಯವರಿಗೆ ಬಾಡಿಗೆಗೂ ಕೊಡ್ತಾರಾ?” ಅದೂ ಗೊತ್ತಿರಲಿಲ್ಲ. “ತಿಂಗಳಲ್ಲಿ ಎಷ್ಟು ದಿನ ನೀನು ಫೋನ್ ಎತ್ತದೇ ಇರಬಹುದು?” ಆ ಕಡೆಯಿಂದ ಮಾತೇ ಇಲ್ಲ.

2021ರಲ್ಲಿ ನನಗೂ ಈ ಮೂರರಲ್ಲಿ ಒಂದೂ ಗೊತ್ತಿರಲಿಲ್ಲ. ಬಾಯಿಗೆ ಬಂದ ಒಂದು ಮೊತ್ತ ಹೇಳಿ ಸಹಿ ಹಾಕಿಬಿಟ್ಟೆ. ಆ ಮೊತ್ತದಿಂದ ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಏರ್‌ಲೈನ್‌ನಲ್ಲಿ ಲೆಕ್ಕ ಸುಲಭ. ತಿಂಗಳಿಗೆ ಇಷ್ಟು ಅಂತ ಖಾಯಂ ಸಂಬಳ, ಹಾರಿದ ಗಂಟೆಗೆ ಇಷ್ಟು, ಹೊರಗೆ ಉಳಿದ ರಾತ್ರಿಗೆ ಇಷ್ಟು. ಹೆಚ್ಚು ಹಾರಿದರೆ ಹೆಚ್ಚು ದುಡ್ಡು. ನನಗೆ ಬರುತ್ತಿದ್ದುದರಲ್ಲಿ ಅರ್ಧದಷ್ಟು ಗಂಟೆಯ ಲೆಕ್ಕದ್ದೇ. 2020ರ ಮಾರ್ಚ್ ಕೊನೆಯಲ್ಲಿ ದೇಶದೊಳಗಿನ ವಿಮಾನಗಳೆಲ್ಲ ನಿಂತವು, ಮತ್ತೆ ಹಾರಿದ್ದು ಮೇ 25ಕ್ಕೆ. ಆಮೇಲೂ ಎಷ್ಟೋ ತಿಂಗಳು ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ಖಾಲಿ ಖಾಲಿ. ವಿದ್ಯಾರಣ್ಯಪುರದ ಮನೆಯ ಸಾಲದ ಕಂತು ಮಾತ್ರ ಪ್ರತಿ ತಿಂಗಳು ಐದನೇ ತಾರೀಕಿಗೆ ಸರಿಯಾಗಿ ಕಟ್ಟಾಗುತ್ತಿತ್ತು. ಅದೇ ಹೊತ್ತಿಗೆ ಪರಿಚಯದ ಕ್ಯಾಪ್ಟನ್ ಒಬ್ಬರು ಹೇಳಿದರು, “ಎಚ್‌ಎಎಲ್‌ನಲ್ಲಿ ನಿಲ್ಲೋ ಒಂದು ಜೆಟ್‌ಗೆ ಹುಡುಗಿ ಬೇಕಂತೆ, ಹೋಗಿ ಮಾತಾಡಮ್ಮ.”

2008ರಲ್ಲಿ ದೇವನಹಳ್ಳಿಯ ನಿಲ್ದಾಣ ಶುರುವಾದ ಮೇಲೆ ಎಚ್‌ಎಎಲ್‌ನ ಹಳೇ ಏರ್‌ಪೋರ್ಟ್ ಮುಚ್ಚಿಹೋಯಿತು ಅಂತ ನಮ್ಮ ಮನೆಯವರೂ ಅಂದುಕೊಂಡಿದ್ದರು. ನಿಂತದ್ದು ಏರ್‌ಲೈನ್ ವಿಮಾನಗಳು ಮಾತ್ರ. ಉದ್ಯಮಿಗಳ ಜೆಟ್‌ಗಳು, ಚಾರ್ಟರ್‌ಗಳು, ವಿಐಪಿ ವಿಮಾನಗಳು ಈಗಲೂ ಅಲ್ಲಿಂದಲೇ ಏಳುತ್ತವೆ. ನನ್ನ ಹೊಸ ಕೆಲಸ ಅಲ್ಲೇ, ಎಂಟು ಸೀಟಿನ ಒಂದು ಹಾಕರ್ ವಿಮಾನದಲ್ಲಿ.

ಸಂಬಳ ಎಷ್ಟು ಅಂತ ಕೇಳಿದಾಗ ಏರ್‌ಲೈನ್‌ನಲ್ಲಿ ಸಿಗುತ್ತಿದ್ದುದಕ್ಕೆ ಒಂದಿಷ್ಟು ಸೇರಿಸಿ 72,000 ಅಂದೆ. ಅವರು ತಕ್ಷಣ ಒಪ್ಪಿಕೊಂಡರು. ತರಬೇತಿ ಖರ್ಚಿನ ಹೆಸರಲ್ಲಿ ಎರಡು ವರ್ಷದ ಬಾಂಡ್‌ಗೂ ಸಹಿ ಹಾಕಿಸಿಕೊಂಡರು. ತಿಂಗಳಿಗೆ ಇಪ್ಪತ್ತು ಗಂಟೆ ಹಾರಿದರೆ ಹೆಚ್ಚು ಅಂದಾಗ ನನಗೆ ಖುಷಿಯೇ ಆಗಿತ್ತು. ಹಾರುವುದು ಇಪ್ಪತ್ತು ಗಂಟೆಯಾದರೂ ಕಾಯುವುದು ಮೂವತ್ತೂ ದಿನ ಅಂತ ಆಗ ಹೊಳೆಯಲಿಲ್ಲ.

ಅದು ಹೊಳೆದದ್ದು ಶಿವಮೊಗ್ಗದಲ್ಲಿ, ಚಿಕ್ಕಪ್ಪನ ಮಗಳ ಮದುವೆಯ ದಿನ. ಧಾರೆಗೆ ಇನ್ನೂ ಒಂದು ಗಂಟೆ ಇತ್ತು. ಆಫೀಸಿನಿಂದ ಫೋನ್, ರಾತ್ರಿ ಎಂಟಕ್ಕೆ ಮುಂಬೈಗೆ ಹೊರಡಬೇಕು. ರೇಷ್ಮೆ ಸೀರೆಯಲ್ಲೇ ಕಾರು ಹತ್ತಿದೆ. ತುಮಕೂರು ದಾಟುವಾಗ ಊಟ ಆರ್ಡರ್ ಮಾಡಿದೆ, ಮನೆಗೆ ಹೋಗಿ ಯೂನಿಫಾರ್ಮ್ ಹಾಕಿಕೊಂಡು ಏಳಕ್ಕೆ ವಿಮಾನದೊಳಗಿದ್ದೆ. ಏಳೂಮುಕ್ಕಾಲಿಗೆ ಟ್ರಿಪ್ ಕ್ಯಾನ್ಸಲ್. ಆ ದಿನಕ್ಕೆ ನನಗೆ ಪ್ರತ್ಯೇಕವಾಗಿ ಒಂದು ರೂಪಾಯಿಯೂ ಇಲ್ಲ, ಬದಲಿ ರಜೆಯೂ ಇಲ್ಲ. ನನ್ನ ಒಪ್ಪಂದದಲ್ಲಿ ರಜೆ ಅನ್ನುವ ಪದವೇ ಇರಲಿಲ್ಲ. ಪೂರ್ತಿ ಆರ್ಡರ್ ಬಂದಿದ್ದ ಊಟವನ್ನು ಹ್ಯಾಂಗರ್‌ನ ಹುಡುಗರಿಗೆ ಹಂಚಿ ಮನೆಗೆ ಬಂದೆ. ಅಮ್ಮ ಧಾರೆಯ ಫೋಟೊ ಕಳಿಸಿದ್ದರು.

ಅವತ್ತಿನಿಂದ ನಾನು ಬೇರೆಯವರನ್ನು ವಿಚಾರಿಸತೊಡಗಿದೆ. ಈ ಲೋಕ ಬಹಳ ಚಿಕ್ಕದು. ನಾಲ್ಕು ಹ್ಯಾಂಗರ್, ಹತ್ತಿಪ್ಪತ್ತು ಪೈಲಟ್‌ಗಳು, ಬೆರಳೆಣಿಕೆಯ ಹುಡುಗಿಯರು. ಸಂಬಳದ ವಿಷಯ ಯಾರೂ ಬಾಯಿ ಬಿಡುವುದಿಲ್ಲ. ಆದರೆ ನನ್ನದನ್ನು ಮೊದಲು ಹೇಳಿದೆ, ಆಮೇಲೆ ಅವರೂ ಹೇಳಿದರು.

ತಿಳಿದ ಮೊದಲ ಸಂಗತಿ ಇದು. ಏರ್‌ಲೈನ್‌ನಲ್ಲಿ ನಾವಿರುವುದು ಕಾನೂನು ಕೇಳುವುದರಿಂದ. ಇಷ್ಟು ಸೀಟಿಗೆ ಇಷ್ಟು ಜನ ಕ್ರೂ ಇಲ್ಲದೆ ಬಾಗಿಲು ಮುಚ್ಚುವಂತಿಲ್ಲ. ಖಾಸಗಿ ಜೆಟ್‌ನ ಕಥೆ ಬೇರೆ. ಅಮೆರಿಕದಲ್ಲಿ, ಯುರೋಪಿನಲ್ಲಿ 19ಕ್ಕಿಂತ ಹೆಚ್ಚು ಪ್ರಯಾಣಿಕರ ಸೀಟಿದ್ದರೆ ಮಾತ್ರ ಫ್ಲೈಟ್ ಅಟೆಂಡೆಂಟ್ ಕಡ್ಡಾಯ. ಬಹುಪಾಲು ಬಿಸಿನೆಸ್ ಜೆಟ್‌ಗಳ ಒಳಗೆ ಅಷ್ಟು ಸೀಟುಗಳೇ ಇರುವುದಿಲ್ಲ. ಅಂದರೆ ನಮ್ಮನ್ನು ಇಟ್ಟುಕೊಳ್ಳುವುದು ಎಷ್ಟೋ ಸಲ ಮಾಲೀಕನ ಇಚ್ಛೆ. ಅವನಿಗೆ ನಾವು ಎಷ್ಟು ಬೇಕು ಅನ್ನುವುದರ ಮೇಲೆಯೇ ಸಂಬಳ ನಿಲ್ಲುತ್ತದೆ.

ಹಾಗಾಗಿ ವಿಮಾನ ಯಾವುದು ಅನ್ನುವುದು ಮೊದಲ ಪ್ರಶ್ನೆ. ನಮ್ಮ ಹಾಕರ್ ಒಂದೇ ಹಾರಾಟದಲ್ಲಿ ದೆಹಲಿ ಮುಟ್ಟುತ್ತದೆ, ದುಬೈ ಮುಟ್ಟುತ್ತದೆ. ದೆಹಲಿಯ ಎರಡೂವರೆ ಗಂಟೆಗೆ ಬೇಕಾದರೆ ಪ್ರಯಾಣಿಕರೇ ಡಬ್ಬಿ ಬಿಚ್ಚಿಕೊಂಡು ತಿನ್ನಬಹುದು. ಗ್ಲೋಬಲ್ 6000 ಅಥವಾ ಗಲ್ಫ್‌ಸ್ಟ್ರೀಮ್ 650 ಹಾಗಲ್ಲ. ಒಂದೇ ಹಾರಾಟಕ್ಕೆ ಮೊದಲನೆಯದು ಸುಮಾರು 11,000 ಕಿಲೋಮೀಟರ್, ಎರಡನೆಯದು ಸುಮಾರು 13,000 ಕಿಲೋಮೀಟರ್ ಹೋಗುತ್ತದೆ. ಇಲ್ಲಿಂದ ಲಂಡನ್ನಿಗೆ ಹತ್ತು ಗಂಟೆ. ಎರಡು ಊಟ, ಒಂದು ನಿದ್ದೆ, ಹಾಸಿಗೆ ಹಾಸುವುದು, ಎಬ್ಬಿಸುವುದು, ಇಳಿಯುವಷ್ಟರಲ್ಲಿ ಬಟ್ಟೆ ಇಸ್ತ್ರಿಯಾಗಿ ಸಿದ್ಧವಾಗಿರುವುದು. ಅಲ್ಲಿ ನಾವಿಲ್ಲದೆ ನಡೆಯುವುದಿಲ್ಲ. ಅದಕ್ಕೇ ದೊಡ್ಡ ವಿಮಾನದಲ್ಲಿ ದೊಡ್ಡ ಸಂಬಳ. “ಚುನಾವಣೆ ಬಂತು, ನಿಮಗೆ ಸುಗ್ಗಿ” ಅಂತ 2023ರ ಮೇ ತಿಂಗಳಲ್ಲಿ ಎಷ್ಟೋ ಜನ ನನಗೆ ಹೇಳಿದರು. ಪ್ರಚಾರಕ್ಕೆ ಹೆಚ್ಚಾಗಿ ಓಡುವುದು ಹೆಲಿಕಾಪ್ಟರ್‌ಗಳು, ಸಣ್ಣ ವಿಮಾನಗಳು. ಅವುಗಳಲ್ಲಿ ನಮಗೆ ಸೀಟೇ ಇಲ್ಲ.

ಎರಡನೆಯದು ವಿಮಾನ ಯಾರದ್ದು, ಯಾರಿಗಾಗಿ. ನಮ್ಮ ದೇಶದಲ್ಲಿ ಖಾಸಗಿ ಬಳಕೆಗೆ ಅಂತ ನೋಂದಾಯಿಸಿದ ವಿಮಾನವನ್ನು ಬಾಡಿಗೆಗೆ ಓಡಿಸುವಂತಿಲ್ಲ. ಚಾರ್ಟರ್ ಓಡಿಸಲು ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯಿಂದ ಎನ್‌ಎಸ್‌ಒಪಿ ಅನ್ನುವ ಪರ್ಮಿಟ್ ಬೇಕು. ಒಂದೇ ಕುಟುಂಬಕ್ಕೆ ದುಡಿದರೆ ಅವರ ರುಚಿ, ಅವರ ಸಿಟ್ಟು, ಅವರ ಔಷಧಿಯ ಹೊತ್ತು ಎಲ್ಲ ಗೊತ್ತಿರುತ್ತದೆ. ನಂಬಿಕೆ ಬೆಳೆದಂತೆ ಸಂಬಳವೂ ಬೆಳೆಯುತ್ತದೆ. ಚಾರ್ಟರ್‌ನಲ್ಲಿ ಪ್ರತಿ ಸಲ ಹೊಸ ಮುಖ. ಕೆಲವರು ಇಳಿಯುವಾಗ ಕವರ್ ಕೊಡುತ್ತಾರೆ, ಹಲವರು ಕೊಡುವುದಿಲ್ಲ. ಟಿಪ್ಸ್ ನಂಬಿ ಮನೆ ಕಂತು ಕಟ್ಟಲಾಗದು, ಅದನ್ನು ನಾನು ಸಂಬಳದ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಮಾಲೀಕ ತನ್ನ ವಿಮಾನವನ್ನು ಮ್ಯಾನೇಜ್‌ಮೆಂಟ್ ಕಂಪನಿಗೆ ಒಪ್ಪಿಸಿದ್ದರೆ ನಮ್ಮ ಸಂಬಳ ನಿರ್ಧರಿಸುವವರು ನಮ್ಮ ಕೈಯ ಕಾಫಿಯನ್ನು ಎಂದೂ ಕುಡಿಯದವರು. ಅಲ್ಲಿ ಹೆಚ್ಚಳ ಕೇಳುವುದು ಕಷ್ಟ.

ನಂಬಿಕೆ ಬೆಳೆದದ್ದು ಹೇಗೆ ಅಂತ ಹೇಳಬೇಕು. ಮಾಲೀಕರ ತಾಯಿಗೆ ಎಂಬತ್ತು ದಾಟಿತ್ತು. ಕಾಶಿಗೆ ಹೊರಟಿದ್ದರು. ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ, ಹೋಟೆಲ್ ಊಟವೂ ಆಗದು. ಹಿಂದಿನ ಸಲ ದೆಹಲಿಗೆ ಹೋದಾಗ ಬರೀ ಬಾಳೆಹಣ್ಣಿನಲ್ಲಿ ದಿನ ಕಳೆದಿದ್ದರು. ನಾನು ಎರಡು ದಿನ ಮೊದಲೇ ಅವರ ಮನೆಯ ಅಡುಗೆಯವರಿಗೆ ಫೋನ್ ಮಾಡಿದೆ. ಹನ್ನೊಂದು ಗಂಟೆಗೆ ಮೊಸರನ್ನ, ಬೆಳ್ಳಿ ಬಟ್ಟಲಲ್ಲಿ, ಜೊತೆಗೆ ಎಳೇ ಮಾವಿನಮಿಡಿ ಅಂದರು. ಅವರಿಂದಲೇ ಅನ್ನ ಮಾಡಿಸಿ ತರಿಸಿದೆ. ಮೊಸರು ಕಲೆಸಿ ತಂದರೆ ಮೂರು ಗಂಟೆಯಲ್ಲಿ ಹುಳಿಯಾಗುತ್ತದೆ, ಆದ್ದರಿಂದ ಮೆತ್ತಗಿನ ಅನ್ನಕ್ಕೆ ಕಾಯಿಸಿದ ಹಾಲು ಹಾಕಿ ಒಂದೇ ಚಮಚ ಮೊಸರು ಬೆರೆಸಿಟ್ಟಿದ್ದೆವು. ಶುಂಠಿ, ಉಪ್ಪು ಸ್ವಲ್ಪ ಮುಂದು. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಸಾಮಾನ್ಯವಾಗಿ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟು, ಅಂದರೆ ಮುಳ್ಳಯ್ಯನಗಿರಿಯ ತುದಿಯಲ್ಲಿ ಕೂತು ಉಂಡ ಹಾಗೆ ಅಥವಾ ಅದಕ್ಕೂ ಮೇಲೆ. ಗಾಳಿಯೂ ಒಣ. ನಾಲಿಗೆಗೆ ರುಚಿ ಮಂಕಾಗುತ್ತದೆ. ಅಜ್ಜಿ ಬಟ್ಟಲು ಖಾಲಿ ಮಾಡಿ, ಬೆರಳಲ್ಲಿ ಮಿಡಿಯ ಗೊರಟೆ ಹಿಡಿದುಕೊಂಡೇ ಕೇಳಿದರು, “ಯಾವೂರಮ್ಮ ನಿಂದು?” ಅವರು ಮತ್ತೆ ಯಾವಾಗ ಹೊರಟರೂ ಮನೆಯಿಂದ ಬರುತ್ತಿದ್ದ ಮೊದಲ ಮಾತು, ಆ ಹುಡುಗಿ ಇರ್ತಾಳೆ ತಾನೆ?

ಕ್ಯಾಪ್ಟನ್ ನನ್ನನ್ನು ಕರೆದು ಹೇಳಿದರು, “ಈಗ ಕೇಳು. ಈಗ ಕೇಳದಿದ್ದರೆ ಇನ್ನು ಯಾವತ್ತೂ ಕೇಳೋಕೆ ಆಗಲ್ಲ.” ಮೂಲ ಸಂಬಳ ಹೆಚ್ಚಿಸಿ ಅಂತ ನಾನು ಕೇಳಲಿಲ್ಲ. ತಿಂಗಳಿಗೆ ಆರು ದಿನ ಮೊದಲೇ ಗುರುತಿಸಿದ ರಜೆ, ಹೊರಗೆ ಉಳಿದ ರಾತ್ರಿಗೆ ಭತ್ಯೆ, ಕುಟುಂಬಕ್ಕೂ ಆರೋಗ್ಯ ವಿಮೆ ಕೇಳಿದೆ. ಮೂರೂ ಸಿಕ್ಕವು. ರಾತ್ರಿ ಭತ್ಯೆಯಿಂದಲೇ ಕೈಗೆ ಬರುವ ದುಡ್ಡು ಗಣನೀಯವಾಗಿ ಏರಿತು.

ಬಾಂಡ್ ಮುಗಿದ ಮೇಲೆ, 2023ರ ಕೊನೆಯಲ್ಲಿ, ಸ್ವತಂತ್ರವಾಗಿ ಟ್ರಿಪ್ ಲೆಕ್ಕದಲ್ಲಿ ಕೆಲಸ ಮಾಡಲು ಹೊರಟೆ. ಇದಕ್ಕೆ ಡೇ ರೇಟ್ ಅನ್ನುತ್ತಾರೆ. ಒಂದು ಏಜೆನ್ಸಿ ವಿದೇಶದಲ್ಲಿ ನೋಂದಣಿಯಾದ ವಿಮಾನಕ್ಕೆ ಕರೆಯಿತು, ದಿನಕ್ಕೆ 400 ಡಾಲರ್. ಎಂಟು ದಿನದ ಟ್ರಿಪ್. ಮನಸ್ಸಿನಲ್ಲೇ ಎಂಟರಿಂದ ಗುಣಿಸಿಕೊಂಡಿದ್ದೆ. ಬಂದದ್ದು ಮೂರು ದಿನದ ದುಡ್ಡು. ಹಾರಿದ್ದು ಮೂರೇ ದಿನವಂತೆ. ಉಳಿದ ಐದು ದಿನ ಹೋಟೆಲ್‌ನಲ್ಲಿ “ಆರಾಮಾಗಿ” ಇದ್ದೆನಂತೆ. ಆ ಐದು ದಿನ ಬೇರೆ ಕೆಲಸ ಹಿಡಿಯುವಂತಿರಲಿಲ್ಲ, ಊರು ಬಿಡುವಂತಿರಲಿಲ್ಲ, ವಿಮಾನದ ಬೆಡ್‌ಶೀಟ್ ಒಗೆಸಿ, ಪಿಂಗಾಣಿ ತೊಳೆದು, ವಾಪಸ್ ಬರುವ ದಾರಿಯ ಊಟಕ್ಕೆ ಅಂಗಡಿ ಅಂಗಡಿ ಸುತ್ತಿದ್ದು ನಾನೇ. ತಿಂಗಳುಗಟ್ಟಲೆ ಮೇಲ್ ಬರೆದೆ. ಉಳಿದ ಹಣ ಬರಲೇ ಇಲ್ಲ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಒಂದು ಪುಟದ ಷರತ್ತು ಬರೆದಿಟ್ಟುಕೊಂಡೆ. ಮನೆ ಬಿಟ್ಟ ದಿನದಿಂದ ಮನೆ ಸೇರಿದ ದಿನದವರೆಗೆ ಪ್ರತಿ ದಿನವೂ ಪೂರ್ತಿ ದರ. ವಿಮಾನ ಇರುವಲ್ಲಿಗೆ ಏರ್‌ಲೈನ್‌ನಲ್ಲಿ ಹೋಗುವ ದಿನವೂ ಕೆಲಸದ ದಿನವೇ. 48 ಗಂಟೆಯೊಳಗೆ ರದ್ದಾದರೆ ಒಂದು ದಿನದ ದರ. ಊಟದ ಖರ್ಚು ಬೇರೆ. ಜನರಲ್ ಡಿಕ್ಲರೇಶನ್‌ನಲ್ಲಿ, ಅಂದರೆ ಹಾರಾಟದ ಬಗ್ಗೆ ಅಧಿಕಾರಿಗಳಿಗೆ ಕೊಡುವ ಪತ್ರದಲ್ಲಿ, ನನ್ನ ಹೆಸರು ಕ್ರೂ ಪಟ್ಟಿಯಲ್ಲೇ ಇರಬೇಕು. ಈ ಕೊನೆಯದನ್ನು ಬಹಳ ಹುಡುಗಿಯರು ಗಮನಿಸುವುದಿಲ್ಲ. ಪ್ರಯಾಣಿಕರ ಪಟ್ಟಿಗೆ ಸೇರಿಸಿ ಬಡಿಸುವ ಕೆಲಸ ಮಾಡಿಸುವವರಿದ್ದಾರೆ. ಹಾಗಾದರೆ ತರಬೇತಿಯ ಖರ್ಚಿಲ್ಲ, ವಿಶ್ರಾಂತಿಯ ಲೆಕ್ಕವಿಲ್ಲ, ಸಂಬಳವೂ ಕಡಿಮೆ.

ಏನು ಕಲಿತರೆ ದರ ಏರುತ್ತದೆ ಅಂತ ಕೇಳುತ್ತಾರೆ. ನನ್ನ ಮಟ್ಟಿಗೆ ಹೆಚ್ಚು ಲಾಭ ತಂದದ್ದು ಪಾಸ್‌ಪೋರ್ಟಿನೊಳಗಿನ ವೀಸಾಗಳು. ಚೆನ್ನೈಗೆ ಹೋಗಿ ಅಮೆರಿಕದ ಬಿ1-ಬಿ2 (ವ್ಯವಹಾರ, ಪ್ರವಾಸದ್ದು) ಮತ್ತು ಸಿ1-ಡಿ (ವಿಮಾನ ಸಿಬ್ಬಂದಿಯದ್ದು) ಮಾಡಿಸಿದೆ, ಆಮೇಲೆ ಯುರೋಪಿನ ಷೆಂಗೆನ್. ನಾಳೆಯೇ ಹೊರಡಬಲ್ಲವಳಿಗೆ ಇರುವ ಬೆಲೆ ಬೇರೆ. ಎರಡನೆಯದು ದೊಡ್ಡ ವಿಮಾನದ ತುರ್ತು ತರಬೇತಿ: ಬೆಂಕಿ, ಹೊಗೆ, ನೀರಿಗಿಳಿಯುವುದು, ಪ್ರಥಮ ಚಿಕಿತ್ಸೆ. ಸ್ವಂತ ದುಡ್ಡಲ್ಲಿ ಮಾಡಿದೆ. ವೈನ್ ಬಗ್ಗೆ ಡಬ್ಲ್ಯೂಎಸ್‌ಇಟಿ ಕೋರ್ಸನ್ನೂ ಮಾಡಿದೆ. ಅಪ್ಪನಿಗೆ ಇಷ್ಟವಿರಲಿಲ್ಲ, ಕೆಲಸ ಅಂತ ಒಪ್ಪಿಕೊಂಡರು. ಅದರಿಂದ ಸಂದರ್ಶನದಲ್ಲಿ ಧೈರ್ಯ ಬಂತೇ ಹೊರತು ದರ ಏರಲಿಲ್ಲ.

ತುರ್ತು ತರಬೇತಿ ಏಕೆ ಮುಖ್ಯ ಅಂದರೆ, ಇಲ್ಲಿ ಕ್ಯಾಬಿನ್‌ನಲ್ಲಿ ನಾವೊಬ್ಬರೇ. ಒಮ್ಮೆ ಇಳಿಯಲು ಇಪ್ಪತ್ತು ನಿಮಿಷವಿದ್ದಾಗ ಪ್ರಯಾಣಿಕರೊಬ್ಬರ ಫೋನ್ ಸೀಟಿನ ಸಂದಿಗೆ ಜಾರಿತು. ಅವರು ಸೀಟು ಹಿಂದಕ್ಕೆ ಸರಿಸುವ ಗುಂಡಿಗೆ ಕೈ ಹಾಕಿದ್ದರು. ಓಡಿ ಹೋಗಿ ಕೈ ಹಿಡಿದೆ. “ಬೇಡ ಸರ್, ಸೀಟು ಅಲ್ಲಾಡಿಸಬೇಡಿ, ಎದ್ದು ಆ ಕಡೆ ಕೂತ್ಕೊಳ್ಳಿ.” ಸೀಟಿನ ಕಬ್ಬಿಣಕ್ಕೆ ಸಿಕ್ಕಿ ಬ್ಯಾಟರಿ ಜಜ್ಜಿದರೆ ಬೆಂಕಿ ಹೊತ್ತುತ್ತದೆ. ಮಾಲೀಕರ ಅತಿಥಿಯ ಕೈ ಹಿಡಿದೆನಲ್ಲ ಅಂತ ಆಮೇಲೆ ಕೈಕಾಲು ನಡುಗಿತು. ಕ್ಯಾಪ್ಟನ್ ವರದಿಯಲ್ಲಿ ಎರಡು ಸಾಲು ಬರೆದರು. ಈಗಿರುವ ಕೆಲಸಕ್ಕೆ ನನ್ನನ್ನು ಕರೆದವರು ಆ ಕ್ಯಾಪ್ಟನ್ ಅವರ ಗೆಳೆಯರು. ಈ ಕೆಲಸದಲ್ಲಿ ನೇಮಕಾತಿ ಹೆಚ್ಚಾಗಿ ಚೀಫ್ ಪೈಲಟ್ ಬಾಯಿಂದ ಬಾಯಿಗೆ ನಡೆಯುತ್ತದೆ.

ಟ್ರಿಪ್ ಲೆಕ್ಕದ ಕೆಲಸಕ್ಕೆ ಇಳಿಯುವವರು ಇನ್ನೊಂದನ್ನು ನೋಡಿಕೊಳ್ಳಿ. ಇಲ್ಲಿನ ಕಂಪನಿ ಕೊಡುವಾಗ ಶೇ. 10 ಟಿಡಿಎಸ್ ಹಿಡಿಯುತ್ತದೆ, ಪಿಎಫ್ ಇಲ್ಲ, ವಿಮೆ ನಿಮ್ಮದೇ, ವರ್ಷದ ಆದಾಯ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಡೇ ರೇಟ್ ದೊಡ್ಡದಾಗಿ ಕಂಡರೂ ಇದನ್ನೆಲ್ಲ ಕಳೆದು, ಕೆಲಸವಿಲ್ಲದ ತಿಂಗಳುಗಳನ್ನೂ ಸೇರಿಸಿ ಭಾಗಿಸಿ ನೋಡಬೇಕು. ಹಾಗೆ ನೋಡಿಯೇ ನಾನು ಕಳೆದ ವರ್ಷ ಮತ್ತೆ ಖಾಯಂ ಕೆಲಸಕ್ಕೆ ಬಂದೆ, ಈ ಸಲ ಗ್ಲೋಬಲ್‌ಗೆ. ಅವರು ಹೇಳಿದ ಸಂಬಳದಲ್ಲಿ ಸ್ವಲ್ಪ ಬಿಟ್ಟುಕೊಟ್ಟು ತಿಂಗಳಿಗೆ ಎಂಟು ದಿನ ರಜೆ ಬರೆಸಿಕೊಂಡೆ. ಆ ದಿನಗಳಲ್ಲಿ ಫೋನ್ ಅಡುಗೆಮನೆಯ ಕಪಾಟಿನ ಮೇಲಿರುತ್ತದೆ.

ಹಾಸನದ ಹುಡುಗಿ ಮೂರು ದಿನ ಬಿಟ್ಟು ಮತ್ತೆ ಫೋನ್ ಮಾಡಿದಳು. ವಿಮಾನ ಚಾಲೆಂಜರ್ 605 ಅಂತೆ, ಕುಟುಂಬದ ಜೊತೆ ಚಾರ್ಟರ್‌ಗೂ ಓಡುತ್ತದಂತೆ, ಹೆಸರು ಕ್ರೂ ಪಟ್ಟಿಯಲ್ಲೇ ಇರುತ್ತದಂತೆ. ರಜೆಯ ವಿಷಯಕ್ಕೆ ಮಾತ್ರ “ಅದೆಲ್ಲ ಅಡ್ಜಸ್ಟ್ ಮಾಡ್ಕೊಳ್ಳೋಣ” ಅಂದರಂತೆ. “ಎಷ್ಟು ದಿನ ಅಂತ ಬರೆದು ಕೊಡೋಕೆ ಹೇಳು, ಆಮೇಲೆ ಮೊತ್ತ ಹೇಳು” ಅಂದೆ. ಮೇಲ್ ಬರೆದಿದ್ದಾಳೆ, ಉತ್ತರ ಇನ್ನೂ ಬಂದಿಲ್ಲ.