ಕಲಬುರಗಿಯಲ್ಲಿ ಕೂತು ಡ್ರೋನ್ ಸಂಗೀತದ ಲೇಬಲ್ ನಡೆಸುವುದು ಹೇಗೆ

ಹಗಲು ನಾನು ಒಂದು ತೊಗರಿ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಸಂಜೆ ಬ್ರಹ್ಮಪುರದ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಒಂದು ಸಣ್ಣ ಸಂಗೀತ ಲೇಬಲ್ ನಡೆಸುತ್ತೇನೆ. ಅರ್ಧ ಗಂಟೆ ಒಂದೇ ಸ್ವರ ಹಿಡಿದು ನಿಲ್ಲುವ ಡ್ರೋನ್, ಏಕತಾರಿ, ಮಿಲ್ಲಿನ ಮೋಟಾರು, ಹಳೇ ರೇಡಿಯೋದ ಗೊರಗೊರ, ಇಂಥವನ್ನು ಕ್ಯಾಸೆಟ್ ಮಾಡಿ ಹೊರತರುತ್ತೇನೆ. ಇದೇ ಥರದ ಲೇಬಲ್ ಶುರು ಮಾಡಬೇಕು, ಹೇಗೆ ಅಂತ ಬೀದರ್‌ನಿಂದ, ಯಾದಗಿರಿಯಿಂದ ಹುಡುಗ ಹುಡುಗಿಯರು ಕೇಳುತ್ತಿರುತ್ತಾರೆ. ಅವರಿಗೆ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ದೊಡ್ಡ ಊರುಗಳಲ್ಲಿ ಇಂಥ ಸಂಗೀತಕ್ಕೆ ಕೇಳುವವರು ಅಷ್ಟಿಷ್ಟು ಇದ್ದಾರೆ. ನಮ್ಮ ಕಡೆ ಲೇಬಲ್ ಮಾಡುವವರೇ ಕೇಳುವವರನ್ನೂ ಕೂಡಿಸಬೇಕು. ಹಾಗಾಗಿ ಹೆಸರು, ಲೋಗೋ, ಕ್ಯಾಸೆಟ್, ಆನ್‌ಲೈನ್ ಪುಟ ಎಲ್ಲ ಆಮೇಲೆ.

ಮೊದಲು ಕೇಳಿಸಿ

ತಿಂಗಳಿಗೊಮ್ಮೆ ಒಂದು ಕೇಳುವ ಸಂಜೆ ಇಟ್ಟುಕೊಳ್ಳಿ. ಒಂದು ಕೋಣೆ, ಎರಡು ಸ್ಪೀಕರ್, ಕೂರಲು ಜಮಖಾನ ಇದ್ದರೆ ಸಾಕು. ಸ್ಪೀಕರ್ ದೊಡ್ಡದಿರಬೇಕಿಲ್ಲ, ಆದರೆ ಕೆಳಗಿನ ಸ್ವರ ಕೇಳಿಸಬೇಕು. ಮೊಬೈಲ್‌ನಲ್ಲಿ ಆ ಸ್ವರಗಳು ಕೇಳುವುದೇ ಇಲ್ಲ. ಡ್ರೋನ್‌ನ ಜೀವ ಇರುವುದೇ ಅಲ್ಲಿ ಅಲ್ವಾ? ಒಂದು ಸಂಜೆಗೆ ಒಂದೇ ಕೃತಿ ಹಾಕಿ, ಪೂರ್ತಿ ಹಾಕಿ. ಮುಂಚೆ ಭಾಷಣ ಬೇಡ. ಮೊದಲ ಹತ್ತು ನಿಮಿಷ ಜನ ಚಡಪಡಿಸುತ್ತಾರೆ, ಮೊಬೈಲ್ ತೆಗೆಯುತ್ತಾರೆ. ಸುಮ್ನೆ ಬಿಡಿ. ಆಮೇಲೆ ಒಬ್ಬೊಬ್ಬರಾಗಿ ಸ್ಥಿರವಾಗುತ್ತಾರೆ. ಮುಗಿದ ಮೇಲೆ ಚಹಾ, ಸುಸಲಾ, ಮಿರ್ಚಿ ಭಜಿ. ಮಾತು ಆಗ ತಾನಾಗೇ ಬರುತ್ತದೆ. ಬಯಲಲ್ಲಿ ಮಾಡುವವರು ಬೇಗ ಶುರು ಮಾಡಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಲೌಡ್‌ಸ್ಪೀಕರ್ ಹಚ್ಚುವಂತಿಲ್ಲ.

ಗೆಳೆಯರನ್ನಷ್ಟೇ ಕರೆಯಬೇಡಿ. ತಬಲಾ ಕಲಿಯುವವರನ್ನು, ಸೌಂಡ್ ಸರ್ವಿಸ್‌ನವರನ್ನು ಕರೆಯಿರಿ. ಭಜನಾ ಮಂಡಳಿಯ ಹಿರಿಯರನ್ನಂತೂ ಮನೆಗೆ ಹೋಗಿ ಕರೆಯಿರಿ. ಅಮಾವಾಸ್ಯೆ ರಾತ್ರಿ ಮಠದಲ್ಲಿ ಬೆಳಗಿನ ತನಕ ತತ್ವಪದ ಹಾಡುವವರಿಗೆ ಒಂದು ಶ್ರುತಿಯೊಳಗೆ ಕೂರುವುದನ್ನು ಯಾರೂ ಕಲಿಸಬೇಕಿಲ್ಲ. ನಮ್ಮ ಓಣಿಯ ಏಕತಾರಿ ಕಾಕಾ ಮೊದಲ ಸಲ ಬಂದಾಗ, "ಬರೀ ಶ್ರುತಿನೇ ಅದ, ಪದ ಯಾವಾಗ ಬರ್ತದ ಯವ್ವಾ?" ಎಂದು ಕೇಳಿದರು. "ಪದ ಬರೋದಿಲ್ಲ ಕಾಕಾ, ಇದೇ ಪೂರ್ತಿ" ಅಂದೆ. ಕಣ್ಣು ಮುಚ್ಚಿ ಕೊನೆಯವರೆಗೆ ಕೂತರು. ಎದ್ದಾಗ ಹೇಳಿದರು: "ಹಿಂದ ಇನ್ನೊಂದು ಶ್ರುತಿ ನುಡಿಲಾಕತ್ತದ. ಅದು ಇದಕ್ಕ ಕೂಡಿಲ್ಲ." ಬೇರೆ ಊರಿಂದ ಬಂದ ಆ ರೆಕಾರ್ಡಿಂಗ್‌ನಲ್ಲಿ ಕರೆಂಟಿನ ಗುಂಯ್ ಸದ್ದು ಸೇರಿಕೊಂಡಿತ್ತು. ಕೋಣೆಯಲ್ಲಿದ್ದ ಬೇರೆ ಯಾರಿಗೂ ಅದು ಕೇಳಿರಲಿಲ್ಲ. ಇಂಥ ಕಿವಿಗಳು ನಮ್ಮ ಜಿಲ್ಲೆಗಳಲ್ಲಿ ಬೇಕಾದಷ್ಟಿವೆ.

ಇದು ಪರದೇಶದ ಹುಚ್ಚು ಎನ್ನುವವರೂ ಬರುತ್ತಾರೆ. ಅವರಿಗೆ ಎರಡು ವಿಷಯ ಹೇಳಿ. ಅಮೆರಿಕದಲ್ಲಿ ಡ್ರೋನ್ ಸಂಗೀತ ಬೆಳೆಸಿದವರಲ್ಲಿ ಮುಖ್ಯರಾದ ಲಾ ಮಾಂಟ್ ಯಂಗ್ 1970ರಲ್ಲಿ ಹಿಂದೂಸ್ತಾನಿ ಗಾಯಕ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರು ಕಿರಾಣಾ ಘರಾಣೆಯವರು, ಅಂದರೆ ಆ ಗಾಯನ ಪರಂಪರೆಯವರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರ ಘರಾಣೆಯೂ ಅದೇ. ಇನ್ನೊಂದು, ಅಹ್ಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಮೂಗ್ ಸಿಂಥಸೈಜರ್ (ಕರೆಂಟಿನಿಂದ ಸ್ವರ ಹುಟ್ಟಿಸುವ ಯಂತ್ರ) ಇದ್ದ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಇತ್ತು. ನಮ್ಮ ದೇಶದವರೇ ಅಲ್ಲಿ ಕೂತು ಕೆಲಸ ಮಾಡಿದ್ದಾರೆ.

ರೆಕಾರ್ಡಿಂಗ್: ಕರೆಂಟು, ಕೂಲರ್, ಕೌದಿ

ಕಾಕಾ ಹಿಡಿದ ಆ ಗುಂಯ್ ಸದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ. ಅದರ ಸದ್ದು 50ರಲ್ಲೂ, ದುಪ್ಪಟ್ಟಾದ 100ರಲ್ಲೂ ಬರುತ್ತದೆ. ಹಾರ್ಮೋನಿಯಂನ ಬಿಳಿ, ಕರಿ ಕೀಲಿಗಳ ಲೆಕ್ಕದಲ್ಲಿ ಇದು ಬಿಳಿ ಐದಕ್ಕೂ ಕರಿ ನಾಲ್ಕಕ್ಕೂ ನಡುವೆ ಬೀಳುತ್ತದೆ. ಮಂದ್ರದ ಬಿಳಿ ಐದು 98 ಹರ್ಟ್ಸ್. ತಂಬೂರಿಯನ್ನು ಅದಕ್ಕೆ ಕೂಡಿಸಿದ್ದು, ಹಿಂದೆ 100ರ ಸದ್ದು ಇದ್ದರೆ, ಸೆಕೆಂಡಿಗೆ ಎರಡು ಸಲ ದನಿ ಏರಿ ಇಳಿಯುತ್ತದೆ. ಹಾಡಿನಲ್ಲಿ ಇದು ಮುಚ್ಚಿಹೋಗುತ್ತದೆ. ಡ್ರೋನ್‌ನಲ್ಲಿ ಅದೇ ಮುಂದೆ ಬಂದು ಕೂರುತ್ತದೆ.

ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಓಡಿಸಿ. ಎಲ್ಲ ಯಂತ್ರಗಳನ್ನು ಒಂದೇ ಬೋರ್ಡಿಗೆ ಚುಚ್ಚಿ. ಅರ್ಥಿಂಗ್ ಸರಿ ಇದೆಯೇ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ, ಹಳೇ ಮನೆಗಳಲ್ಲಿ ಎಷ್ಟೋ ಸಲ ಅದು ಇರುವುದೇ ಇಲ್ಲ. ಕರೆಂಟ್ ಹೋಗಿ ಇನ್ವರ್ಟರ್ ಹಚ್ಚಿಕೊಂಡಾಗ ರೆಕಾರ್ಡ್ ಮಾಡಬೇಡಿ. ಕಡಿಮೆ ಬೆಲೆಯ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಕರಕರ ಜಾಸ್ತಿ. ಆಮೇಲೆ ಸಾಫ್ಟ್‌ವೇರ್‌ನಲ್ಲಿ ತೆಗೆಯೋಣ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಗುಂಯ್ ಜೊತೆಗೆ ತಂಬೂರಿಯ ದನಿಯೂ ಸವೆಯುತ್ತದೆ. ಬೇಕಾದರೆ ತಂಬೂರಿಯನ್ನೇ ಕರೆಂಟಿಗೆ ಕೂಡಿಸಿ. ಒಬ್ಬ ಐಟಿಐ ಹುಡುಗ ಬೇಕೆಂದೇ ಮೋಟಾರಿನ ಸದ್ದಿಗೆ ಏಕತಾರಿ ಕೂಡಿಸಿ ನುಡಿಸಿದ. ನಮ್ಮ ಲೇಬಲ್‌ನಲ್ಲಿ ನನಗೆ ತುಂಬಾ ಇಷ್ಟವಾದ ಕೆಲಸ ಅದು.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಮನೆಮನೆಯಲ್ಲೂ ಕೂಲರ್ ಓಡುತ್ತದೆ. ಆ ದಿನಗಳನ್ನು ಬಂದದ್ದನ್ನು ಕೇಳಲು, ಕಾಗದಪತ್ರಕ್ಕೆ ಇಟ್ಟುಕೊಳ್ಳಿ. ರೆಕಾರ್ಡಿಂಗ್‌ಗೆ ನವೆಂಬರ್‌ನಿಂದ ಜನವರಿ ಒಳ್ಳೆಯದು. ಫ್ಯಾನ್ ಇಲ್ಲದೆ ಕೂರಬಹುದು. ಶಹಾಬಾದ್ ಕಲ್ಲು ಹಾಸಿದ ಕೋಣೆಯಲ್ಲಿ ದನಿ ಪುಟಿಯುತ್ತದೆ. ಗೋಡೆಗೆ ಎರಡು ದಪ್ಪ ಕೌದಿ ಇಳಿಬಿಡಿ, ನೆಲಕ್ಕೊಂದು ಹಾಸಿ. ಅಂಗಡಿಯ ಫೋಮ್‌ಗಿಂತ ನನಗೆ ಅದೇ ಹಿಡಿಸಿದೆ.

ದನಿಗೆ ದೊಡ್ಡ ಗುಂಗು, ಪ್ರತಿಧ್ವನಿ ಬೇಕಾದವರಿಗೆ ಇಲ್ಲಿನ ಕೋಟೆ, ಗುಮ್ಮಟಗಳ ಮೇಲೆ ಕಣ್ಣು ಹೋಗುವುದು ಸಹಜ. ಕಲಬುರಗಿ ಕೋಟೆಯ ಜಾಮಿ ಮಸೀದಿ 1367ರದು. ನಡುವೆ ಬಯಲು ಅಂಗಳ ಬಿಡದೆ ಪೂರ್ತಿ ಚಾವಣಿ ಹಾಕಿ ಕಟ್ಟಿದ್ದಾರೆ. ಅಲ್ಲಾಗಲಿ, ಬೀದರಿನ ಅಷ್ಟೂರಿನ ಗುಮ್ಮಟಗಳಲ್ಲಾಗಲಿ ಮಾರಾಟಕ್ಕೆಂದು ರೆಕಾರ್ಡ್ ಮಾಡುವ ಮೊದಲು ಪುರಾತತ್ವ ಇಲಾಖೆಯ ಅನುಮತಿ ಕೇಳಿ.

ಯಾವುದನ್ನು ಹೊರತರಬೇಕು

ಬಂದ ಪ್ರತಿಯೊಂದನ್ನೂ ಎರಡು ಸಲ ಪೂರ್ತಿ ಕೇಳಿ, ನಡುವೆ ಒಂದು ವಾರ ಬಿಟ್ಟು. ನಾನು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ. ಇಪ್ಪತ್ತನೇ ನಿಮಿಷದಲ್ಲಿ ಏನಾಗುತ್ತಿದೆ? ಐದನೇ ನಿಮಿಷದಲ್ಲಿ ಕೇಳದ ಒಂದು ಎಳೆ ಆಗ ಕೇಳಬೇಕು. ಸ್ವರ ಬದಲಾಗಬೇಕೆಂದಿಲ್ಲ. ತಂಬೂರಿಯ ಜವಾರಿ (ತಂತಿ ಕುದುರೆಗೆ ತಾಗಿ ಬರುವ ಝೇಂಕಾರ) ಚೆನ್ನಾಗಿದ್ದರೆ ಒಂದೇ ತಂತಿಯಿಂದ ಮೇಲಿನ ಸ್ವರಗಳು ಒಂದೊಂದಾಗಿ ಎದ್ದು ಬರುತ್ತವೆ, ಹಾಗೆ. ಬರೀ ಒಂದು ಸಣ್ಣ ತುಂಡನ್ನು ನಕಲು ಮಾಡಿ ಉದ್ದ ಎಳೆದದ್ದು ಎರಡನೇ ಸಲ ಕೇಳಿದಾಗ ಗೊತ್ತಾಗಿಬಿಡುತ್ತದೆ. ಬೇಡ ಎನ್ನುವುದಿದ್ದರೂ ಕಾರಣ ಬರೆದು ಕಳಿಸಿ. ನಮ್ಮೂರಲ್ಲಿ ಇಂಥದ್ದು ಮಾಡುವವರೇ ಕಡಿಮೆ, ಅವರಿಗೆ ಉತ್ತರ ಬರಲೇಬೇಕು.

ವರ್ಷಕ್ಕೆ ಮೂರು ನಾಲ್ಕು ಸಾಕು.

ಮಾತು ಕಾಗದದ ಮೇಲಿರಲಿ

ಲೆಕ್ಕದವಳಾದ್ದರಿಂದ ಇಲ್ಲಿ ನಾನು ಗಟ್ಟಿ. ಗೆಳೆಯರೇ ಆದರೂ ಒಂದು ಪುಟದ ಕರಾರು ಬರೆಯಿರಿ, ಕನ್ನಡದಲ್ಲೇ ಬರೆಯಿರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಓದಿಕೊಳ್ಳಿ. ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಎಂದು ಹಿಡಿಯುತ್ತಾರೆ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಬೇರೆ ಥರ ಬರೆದುಕೊಳ್ಳದಿದ್ದರೆ, ಪಡೆದವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದೆ ಇದ್ದರೆ ಅದು ಬಿದ್ದುಹೋಗುತ್ತದೆ.

ನಾನು ಹಕ್ಕನ್ನು ಬರೆಸಿಕೊಳ್ಳುವುದೇ ಇಲ್ಲ. ಮೂರು ವರ್ಷ ಹೊರತರುವ ಪರವಾನಗಿ ಮಾತ್ರ ಪಡೆಯುತ್ತೇನೆ. ಮಾಸ್ಟರ್, ಅಂದರೆ ಮೂಲ ರೆಕಾರ್ಡಿಂಗ್, ಕಲಾವಿದರ ಹತ್ತಿರವೇ ಇರುತ್ತದೆ. ಖರ್ಚು ಕಳೆದು ಉಳಿದದ್ದು ಅರ್ಧ ಅರ್ಧ. ಹಿರಿಯ ತತ್ವಪದಕಾರರ ದನಿ, ಏಕತಾರಿ ಬಳಸುವಾಗ ಇನ್ನೂ ಎಚ್ಚರ ಬೇಕು. ಪದ ಹಳೆಯದಿರಬಹುದು, ಆದರೆ ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ 50 ವರ್ಷ ಹಕ್ಕಿದೆ, ತಮ್ಮ ಹೆಸರು ಹಾಕಿಸಿಕೊಳ್ಳುವ ಹಕ್ಕೂ ಇದೆ. ರೆಕಾರ್ಡ್ ಮಾಡಿದ ದಿನವೇ ಕೈಗೆ ಹಣ ಕೊಡಿ. ಓದಲು ಬಾರದಿದ್ದರೆ ಕರಾರನ್ನು ಅವರ ಮನೆಯವರ ಮುಂದೆ ಓದಿ ಹೇಳಿ. ಕ್ಯಾಸೆಟ್ ಮೇಲೆ ಅವರ ಹೆಸರು ನಿಮ್ಮ ಹೆಸರಿನಷ್ಟೇ ದೊಡ್ಡದಾಗಿ ಇರಲಿ.

ಹೊದಿಕೆಯ ಮೇಲೆ ರೆಕಾರ್ಡಿಂಗ್ ಮಾಡಿಸಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಹೊರಬಂದ ವರ್ಷ ಅಚ್ಚು ಹಾಕುವುದು ಅದೇ ಕಾಯ್ದೆಯ 52ಎ ಕಲಂ ಪ್ರಕಾರ ಕಡ್ಡಾಯ.

ಕ್ಯಾಸೆಟ್ ಮಾಡುವುದು

ವಿನೈಲ್ ತಟ್ಟೆ (ಗ್ರಾಮಫೋನ್ ಥರದ್ದು) ಮೊದಲಿಗೆ ಬೇಡ. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದ ಮೇಲೆ ಹೋದರೆ ದನಿ ತಗ್ಗುತ್ತದೆ, ಖರ್ಚೂ ಜಾಸ್ತಿ. 60 ನಿಮಿಷದ ಕ್ಯಾಸೆಟ್‌ನಲ್ಲಿ ಮಗ್ಗುಲಿಗೆ 30 ನಿಮಿಷ ಸಿಗುತ್ತದೆ. 90ರದ್ದು ನಡೆಯುತ್ತದೆ. 120ರ ಟೇಪ್ ತೀರಾ ತೆಳ್ಳಗೆ, ಎಳೆದುಕೊಂಡು ಸುತ್ತಿಕೊಳ್ಳುತ್ತದೆ.

ಕ್ಯಾಸೆಟ್ ತುಂಬುವ ಡೆಕ್ ಕೊಳ್ಳುವಾಗ ಹೊಳಪು ನೋಡಬೇಡಿ, ವೇಗ ನೋಡಿ. ಡೋಲು, ಹಾಡು ಇರುವ ಸಂಗೀತದಲ್ಲಿ ವೇಗ ಸ್ವಲ್ಪ ಅಲುಗಾಡಿದರೆ ಗೊತ್ತಾಗುವುದಿಲ್ಲ. ನಿಂತ ಸ್ವರದಲ್ಲಿ ತಟ್ಟನೆ ಕಿವಿಗೆ ಹೊಡೆಯುತ್ತದೆ. 3150 ಹರ್ಟ್ಸ್‌ನ ಒಂದು ಸ್ವರವನ್ನು ಕಂಪ್ಯೂಟರಿನಿಂದ ಟೇಪಿಗೆ ಹಾಕಿ, ತಿರುಗಿ ನುಡಿಸಿ, ಮೊಬೈಲಿನ ಟ್ಯೂನರ್ ಆ್ಯಪ್‌ನಲ್ಲಿ ನೋಡಿ. ಮುಳ್ಳು ಓಲಾಡಿದರೆ ಬೆಲ್ಟ್ ಸಡಿಲಾಗಿದೆ, ಇಲ್ಲವೇ ಟೇಪನ್ನು ಒತ್ತಿ ಎಳೆಯುವ ರಬ್ಬರ್ ಗಾಲಿ (ಪಿಂಚ್ ರೋಲರ್) ಗಟ್ಟಿಯಾಗಿದೆ. ಹಳೇ ಟೇಪ್ ರಿಪೇರಿ ಮಾಡುವವರು ಸ್ಟೇಷನ್ ರಸ್ತೆ ಕಡೆ ವಿಚಾರಿಸಿದರೆ ಇನ್ನೂ ಸಿಗುತ್ತಾರೆ. ಐದಾರು ಕ್ಯಾಸೆಟ್‌ಗೊಮ್ಮೆ ಟೇಪ್ ತಾಗುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಹೈ ಸ್ಪೀಡ್ ಡಬ್ಬಿಂಗ್ ಬಟನ್ ಮುಟ್ಟಬೇಡಿ. 60 ನಿಮಿಷದ 40 ಕ್ಯಾಸೆಟ್ ಅಂದರೆ ಒಂದು ಡೆಕ್‌ನಲ್ಲಿ 40 ಗಂಟೆ. ಎರಡು ಡೆಕ್‌ಗೆ ಒಟ್ಟಿಗೆ ದನಿ ಕೊಟ್ಟರೆ 20. ಪ್ರತಿಯೊಂದರ ಆರಂಭ, ನಡು, ಕೊನೆ ಕೇಳಿಯೇ ಡಬ್ಬಿಗೆ ಹಾಕಿ. ಬೇಸಿಗೆಯಲ್ಲಿ ತಗಡಿನ ಚಾವಣಿ ಕೆಳಗೆ ಇಡಬೇಡಿ, ಸ್ಪೀಕರ್ ಪಕ್ಕವೂ ಬೇಡ.

ಹಣದ ಲೆಕ್ಕ ಹೀಗೆ. ಟೇಪು, ಡಬ್ಬಿ, ಅಚ್ಚು ಎಲ್ಲ ಕೂಡಿ ಒಂದಕ್ಕೆ 180 ರೂಪಾಯಿ ಬಿತ್ತು ಅಂದುಕೊಳ್ಳಿ. 40 ಪ್ರತಿಗೆ 7,200. ಐದು ಕಲಾವಿದರಿಗೆ, ಮೂರು ನಿಮ್ಮ ಸಂಗ್ರಹಕ್ಕೆ. ಉಳಿದ 32ನ್ನು 350ರಂತೆ ಮಾರಿದರೆ 11,200. ಅಂದರೆ 21ನೇ ಪ್ರತಿಗೆ ಹಾಕಿದ ಹಣ ಬರುತ್ತದೆ. ಎಲ್ಲ ಹೋದರೆ 4,000 ಉಳಿದು ಇಬ್ಬರಿಗೂ ಎರಡೆರಡು ಸಾವಿರ. 100 ಪ್ರತಿ ಮಾಡಿಸುವ ಆಸೆ ಎಲ್ಲರಿಗೂ ಬರುತ್ತದೆ. ಕೇಳುವ ಸಂಜೆಗೆ ಬರುವವರ ಸಂಖ್ಯೆ ನೋಡಿ ತೀರ್ಮಾನಿಸಿ.

ಆನ್‌ಲೈನ್ ಮತ್ತು ಅಂಚೆ

ದೊಡ್ಡ ಸ್ಟ್ರೀಮಿಂಗ್ ಜಾಗಗಳಿಂದ ಹಣ ಬರುತ್ತದೆ ಅಂತ ಲೆಕ್ಕ ಹಾಕಬೇಡಿ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಎಣಿಕೆ. ನಿಮ್ಮ 40 ನಿಮಿಷದ ಕೃತಿಗೂ ಎರಡು ನಿಮಿಷದ ಹಾಡಿಗೂ ಒಂದೇ. 2024ರಿಂದ 12 ತಿಂಗಳಲ್ಲಿ 1,000 ಸಲ ನುಡಿಯದ ಟ್ರ್ಯಾಕ್‌ಗೆ ಏನೂ ಕೊಡುವುದಿಲ್ಲ.

ಕಲಾವಿದರು, ಲೇಬಲ್‌ಗಳು ಕೇಳುಗರಿಗೆ ನೇರವಾಗಿ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್ ನಮ್ಮಂಥವರಿಗೆ ಸರಿ. ಡಿಜಿಟಲ್ ಮಾರಾಟದಲ್ಲಿ ಶೇ. 15, ಕ್ಯಾಸೆಟ್‌ನಂಥ ವಸ್ತುವಿನಲ್ಲಿ ಶೇ. 10 ಅವರು ಹಿಡಿಯುತ್ತಾರೆ, ಹಣ ಸಾಗಿಸುವ ಶುಲ್ಕ ಬೇರೆ. ಕೆಲವು ಶುಕ್ರವಾರ ತಮ್ಮ ಪಾಲು ಬಿಡುತ್ತಾರೆ, ಹೊಸದನ್ನು ಆ ದಿನವೇ ಬಿಡಿ. 16 ಬಿಟ್‌ನ 40 ನಿಮಿಷದ ವೇವ್ ಫೈಲ್ 420 ಎಂಬಿ ದಾಟುತ್ತದೆ. ಹೊಸ ಖಾತೆಗೆ ಅಷ್ಟು ದೊಡ್ಡದು ಏರುವುದಿಲ್ಲ, ದನಿ ಕೆಡದಂತೆ ಕುಗ್ಗಿಸುವ ಫ್ಲ್ಯಾಕ್ ಫೈಲ್ ಮಾಡಿ ಕಳಿಸಿ. ಆನ್‌ಲೈನ್ ಹಣ ಪಾವತಿಯ ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದ ಒಳಗಿನ ಪಾವತಿ ನಿಲ್ಲಿಸಿದೆ. ಹೊರದೇಶದ ಹಣ ಅದರಲ್ಲಿ ಬರುತ್ತದೆ. ಇಲ್ಲಿಯವರಿಗೆ ಯುಪಿಐ ಕೊಟ್ಟು, ಕ್ಯಾಸೆಟ್ ಜೊತೆ ಡೌನ್‌ಲೋಡ್ ಕೋಡ್ ಬರೆದ ಚೀಟಿ ಇಡಿ. ಲೇಬಲ್‌ಗೆ ಬೇರೆ ಬ್ಯಾಂಕ್ ಖಾತೆ ಮಾಡಿಸಿ. ರಾಜ್ಯದ ಹೊರಗೆ ವಸ್ತು ಮಾರುವ ಮೊದಲು ಜಿಎಸ್‌ಟಿ ವಿಷಯ ಒಬ್ಬ ಟ್ಯಾಕ್ಸ್ ಸಲಹೆಗಾರರನ್ನು ಕೇಳಿ.

ಅಂಚೆಗೆ ಕ್ಯಾಸೆಟನ್ನು ಎರಡು ರಟ್ಟಿನ ನಡುವೆ ಇಟ್ಟು ಕಟ್ಟಿ. ಡಬ್ಬಿಯ ಮೂಲೆ ಒಡೆಯುವುದೇ ಜಾಸ್ತಿ. ಹೊರದೇಶಕ್ಕೆ ಕಸ್ಟಮ್ಸ್ ಘೋಷಣೆ ತುಂಬಬೇಕು. ನಿಯಮ ಆಗಾಗ ಬದಲಾಗುತ್ತದೆ, ಕಳಿಸುವ ದಿನ ಕೌಂಟರಿನಲ್ಲಿ ಕೇಳಿ.

ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ. ಎಷ್ಟು ಮಾಡಿದ್ದು, ಎಷ್ಟು ಹೋಯಿತು, ಎಷ್ಟು ಉಳಿದಿದೆ, ಖರ್ಚೆಷ್ಟು, ಅವರ ಪಾಲೆಷ್ಟು, ಎಲ್ಲ ಒಂದೇ ಹಾಳೆಯಲ್ಲಿ ಬರೆದು ಏಪ್ರಿಲ್ ಮೊದಲ ವಾರ ಪ್ರತಿ ಕಲಾವಿದರಿಗೆ ಕಳಿಸಿ. ಒಂದೂ ಮಾರದ ವರ್ಷವೂ ಹಾಳೆ ಹೋಗಬೇಕು. ವಾಟ್ಸಾಪ್ ಇಲ್ಲದ ಹಿರಿಯರಿಗೆ ನಾನೇ ಹೋಗಿ ಓದಿ ಹೇಳುತ್ತೇನೆ, ಅವರ ಪಾಲನ್ನು ಅಲ್ಲೇ ಎಣಿಸಿ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತೇನೆ.