ಮೂಲೆ ಸೇರಿದ ಹೊಲಿಗೆ ಮಷಿನ್ ಮತ್ತೆ ಶುರು ಮಾಡುವವರಿಗೆ
ಯಾವಾಗಲೋ ಹೊಲಿಗೆ ಕಲಿತು, ಆಮೇಲೆ ಮಷಿನ್ ಮುಟ್ಟದವರು ನಮ್ಮ ಗುಂಪಿನಲ್ಲೇ ತುಂಬಾ ಜನ ಇದ್ದೀರಿ, ಅಲ್ವಾ? ಮತ್ತೆ ಶುರು ಮಾಡುವಾಗ ನೇರವಾಗಿ ಬ್ಲೌಸ್‌ಗೆ ಕೈ ಹಾಕಬೇಡಿ. ಮೊದಲು ಮಷಿನ್‌ಗೆ ಎಣ್ಣೆ ಹಾಕಿ, ಬೇಡದ ಬಟ್ಟೆಯ ಮೇಲೆ ಓಡಿಸಿ. ಸೂಜಿ ಹೊಸದು ತನ್ನಿ. ಸಾಮಾನ್ಯ ಕಾಟನ್‌ಗೆ 14ನೇ ನಂಬರ್, ತೆಳು ಬಟ್ಟೆಗೆ 11.

ತುಳಿಯುವ ಮಷಿನ್ ಆದರೆ ಮೊದಲು ಮರೆತುಹೋಗುವುದು ಕಾಲಿನ ಲಯ. ಮೇಲಿನ ಗಾಲಿಯ ನಡುವಿನ ತಿರುಪು ಸಡಿಲ ಮಾಡಿ. ಸೂಜಿ ಆಡುವುದಿಲ್ಲ, ಗಾಲಿ ಮಾತ್ರ ತಿರುಗುತ್ತದೆ. ಹಾಗೇ ಸುಮ್ನೆ ತುಳಿಯುತ್ತಾ ಇರಿ. ಗಾಲಿ ನಿಮ್ಮ ಕಡೆಗೇ ತಿರುಗಬೇಕು, ಹಿಂದಕ್ಕೆ ಹೋದರೆ ದಾರ ತುಂಡಾಗುತ್ತದೆ. ಕಾಲು ಹಿಡಿತಕ್ಕೆ ಬಂದ ಮೇಲೆ ತಿರುಪು ಬಿಗಿ ಮಾಡಿ, ದಾರ ಪೋಣಿಸದೆ ಗೆರೆ ಇರುವ ನೋಟ್‌ಬುಕ್ ಹಾಳೆ ಇಟ್ಟು ಗೆರೆ ಮೇಲೇ ಹೊಲಿಯಿರಿ. ತೂತು ಎಲ್ಲಿ ಜಾರಿದೆ ಅಂತ ಹಾಳೆಯೇ ತೋರಿಸುತ್ತದೆ. ಇದಕ್ಕೆ ಹಳೇ ಸೂಜಿ ಸಾಕು, ಕಾಗದ ಸೂಜಿಯನ್ನು ಮೊಂಡು ಮಾಡುತ್ತದೆ.

ಬಟ್ಟೆಯ ಅಡಿಯಲ್ಲಿ ದಾರ ಗೋಜಲಾದರೆ ಎಲ್ಲರೂ ಬಾಬಿನ್‌ಗೆ (ಕೆಳಗಿನ ದಾರ ಸುತ್ತಿದ ಪುಟ್ಟ ಉರುಳೆಗೆ) ಬೈಯುತ್ತಾರೆ. ಪಾಪ, ಜಾಸ್ತಿ ಸಲ ತಪ್ಪು ಮೇಲಿನ ದಾರದ್ದು. ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟ್ ಎತ್ತಿಕೊಂಡು ಆ ದಾರವನ್ನೇ ಮತ್ತೆ ಪೋಣಿಸಿ.

ಕೈ ಕುದುರಿತಾ? ದಿಂಬಿನ ಕವರ್ ಹೊಲಿಯಿರಿ. ಜಿಪ್ ಕೂರಿಸುವುದನ್ನು ಆಮೇಲೆ ಯೂಟ್ಯೂಬ್ ನೋಡಿ ಕಲಿಯಬಹುದು.