ಬಿಎಂಡಬ್ಲ್ಯು ಕಾರಿನ ಡಿಕ್ಕಿ ಮೇಲಿನ ನಂಬರ್ ಓದುವುದು ಹೇಗೆ?

ಹೋದ ವರ್ಷ ಭಾವನ ಜೊತೆ ಬೆಂಗಳೂರಿನ ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿಗೆ ಹೋಗಿದ್ದೆ. ಅವರ ಕಣ್ಣು ಒಂದು ಬಿಳಿ ಬಿಎಂಡಬ್ಲ್ಯು ಮೇಲೆ ಬಿತ್ತು. ಡಿಕ್ಕಿ ಬಾಗಿಲ ಮೇಲೆ ಬೆಳ್ಳಿ ಬಣ್ಣದಲ್ಲಿ ‘330ಐ’ ಎಂದಿತ್ತು. ‘ತ್ರೀ ತರ್ಟಿ ಅಂದ್ರೆ ಮೂರು ಲೀಟರ್ ಇಂಜಿನ್ ಸಾರ್, ಆರು ಸಿಲಿಂಡರ್’ ಅಂದ ಅಂಗಡಿಯ ಹುಡುಗ. ಭಾವನ ಮುಖ ಅರಳಿತು. ನಾನು ಆರ್‌ಸಿ ಕಾರ್ಡ್ ಕೇಳಿ ಇಸ್ಕೊಂಡೆ. ಕ್ಯೂಬಿಕ್ ಕೆಪಾಸಿಟಿ (ಸಿಸಿ, ಅಂದರೆ ಇಂಜಿನ್ ಗಾತ್ರ) ಎಂಬ ಜಾಗದಲ್ಲಿ 1998 ಎಂದಿತ್ತು. ಸಾವಿರ ಸಿಸಿಗೆ ಒಂದು ಲೀಟರ್, ಅಂದರೆ ಇದು ಎರಡೇ ಲೀಟರ್. ಸಿಲಿಂಡರ್ ನಾಲ್ಕು.

ಹುಡುಗ ಬೇಕಂತಲೇ ಸುಳ್ಳು ಹೇಳಿದ ಅಂತ ನನಗೆ ಅನ್ನಿಸಲಿಲ್ಲ. ಅವನು ಹೇಳಿದ್ದು ಹಳೇ ಲೆಕ್ಕ. 2000ನೇ ಇಸವಿಯಲ್ಲಿ ಬಂದ 330ಐ ಒಳಗೆ 2979 ಸಿಸಿಯ ಆರು ಸಿಲಿಂಡರ್ ಇಂಜಿನ್ ನಿಜವಾಗಿಯೂ ಇತ್ತು. ಆಮೇಲೆ ಹೆಸರು ಹಾಗೇ ಉಳಿಯಿತು, ಒಳಗಿನ ಇಂಜಿನ್ ಬದಲಾಯಿತು.

ಲಕ್ಷಗಟ್ಟಲೆ ಹಣ ಕೊಟ್ಟು ಬಿಎಂಡಬ್ಲ್ಯು ಕೊಳ್ಳುವವರಿಗೆ ಈ ನಂಬರ್ ಓದಲು ಬರಬೇಕು. ಹೊಸದಾಗಲಿ, ಹಳೆಯದಾಗಲಿ. ಕಷ್ಟವೇನೂ ಇಲ್ಲ. ಹೆಸರನ್ನು ಮೂರು ತುಂಡು ಮಾಡಿಕೊಳ್ಳಿ: ಮೊದಲ ಅಂಕಿ, ಅದರ ನಂತರದ ಎರಡು ಅಂಕಿ, ಕೊನೆಯ ಅಕ್ಷರ. ಒಂದೊಂದೇ ನೋಡೋಣ.

ಹಂತ 1: ಮೊದಲ ಅಂಕಿಯಲ್ಲಿ ಗಾತ್ರ ನೋಡಿ

ಜರ್ಮನಿಯ ಮ್ಯೂನಿಕ್‌ನ ಈ ಕಂಪನಿ 1960ರ ದಶಕದಲ್ಲಿ ಇಂಜಿನ್ ನೋಡಿಯೇ ಕಾರಿಗೆ ಹೆಸರಿಡುತ್ತಿತ್ತು. 1500 ಅಂದರೆ ಒಂದೂವರೆ ಲೀಟರ್. 1800 ಅಂದರೆ 1.8 ಲೀಟರ್. 1968ರಲ್ಲಿ ಬಂದ ‘2002’ರಲ್ಲಿ ಎರಡು ಲೀಟರ್ ಇಂಜಿನ್ ಇತ್ತು, ಕೊನೆಯ 2 ಎರಡು ಬಾಗಿಲಿನ ಗುರುತು. ಇಂಜಿನ್ ಯಾವುದು ಅಂತ ಹೆಸರಲ್ಲೇ ತಿಳಿಯುತ್ತಿತ್ತು. ಕಾರು ದೊಡ್ಡದೋ ಚಿಕ್ಕದೋ ಅಂತ ಬೇರೆಯಾಗಿ ಕೇಳಿ ತಿಳಿಯಬೇಕಿತ್ತು.

1972ರಲ್ಲಿ 5 ಸೀರೀಸ್ ಬಂತು. ಅಲ್ಲಿಂದ ಗಾತ್ರದ ಅಂಕಿ ಹೆಸರಿನ ಮುಂದೆ ಕೂತಿತು. 1975ರಲ್ಲಿ ಅದಕ್ಕಿಂತ ಚಿಕ್ಕದಾಗಿ 3 ಸೀರೀಸ್, 1977ರಲ್ಲಿ ಅದಕ್ಕಿಂತ ದೊಡ್ಡದಾಗಿ 7 ಸೀರೀಸ್ ಬಂದವು. ಈ ಭಾಗ ಇವತ್ತಿಗೂ ನಂಬಬಹುದಾದದ್ದು. 3ಕ್ಕಿಂತ 5 ದೊಡ್ಡದು, 5ಕ್ಕಿಂತ 7 ದೊಡ್ಡದು.

ಆದರೆ ಒಂದೇ ಕಾಲದ ಕಾರುಗಳನ್ನು ಮಾತ್ರ ಹೀಗೆ ಹೋಲಿಸಬೇಕು. ಮೊದಲ 3 ಸೀರೀಸ್ ಉದ್ದ 4355 ಮಿಲಿಮೀಟರ್. ಮೊದಲ 5 ಸೀರೀಸ್ 4620. ಇವತ್ತಿನ 3 ಸೀರೀಸ್ ಸುಮಾರು 4710 ಮಿಲಿಮೀಟರ್ ಇದೆ. ಅಂದರೆ ಇವತ್ತಿನ 3, ಅವತ್ತಿನ 5ಕ್ಕಿಂತ ಉದ್ದ! 5 ಸೀರೀಸ್ ಕಥೆಯೂ ಅಷ್ಟೇ. ಈಗ ಅದು 5060 ಮಿಲಿಮೀಟರ್. ಮೊದಲ 7 ಸೀರೀಸ್ ಇದ್ದದ್ದು 4860. ಹಾಗಾಗಿ ಮೊದಲ ಅಂಕಿ ಟೇಪ್ ಹಿಡಿದು ಅಳೆದ ಅಳತೆ ಅಲ್ಲ. ಒಂದು ಮನೆಯಲ್ಲಿ ಅಣ್ಣ ಯಾರು, ತಮ್ಮ ಯಾರು ಅಂತ ಹೇಳುವ ಗುರುತು.

ಬೆಸ ಅಂಕಿಗಳು ಮಾಮೂಲಿ ಕಾರುಗಳು. 2, 4, 6, 8 ಬಂದರೆ ಸಾಮಾನ್ಯವಾಗಿ ಹಿಂದೆ ಇಳಿಜಾರಾದ ಕೂಪೆ ಆಕಾರ. ಎಸ್‌ಯುವಿಗಳಿಗೂ ಇದೇ ನಿಯಮ, ಮುಂದೆ ‘ಎಕ್ಸ್’ ಸೇರುತ್ತದೆ ಅಷ್ಟೇ. ಎಕ್ಸ್1, ಎಕ್ಸ್3, ಎಕ್ಸ್5, ಎಕ್ಸ್7 ನೆಟ್ಟಗಿನವು; ಎಕ್ಸ್4, ಎಕ್ಸ್6 ಬೆನ್ನು ಇಳಿಜಾರಾದವು. ಪೂರ್ತಿ ಕಟ್ಟುನಿಟ್ಟಲ್ಲ. ಕೂಪೆ ಅಂದರೆ ಸಾಮಾನ್ಯವಾಗಿ ಎರಡು ಬಾಗಿಲು, ಆದರೆ ನಮ್ಮಲ್ಲಿ ಮಾರಾಟವಾದ 2 ಸೀರೀಸ್ ಗ್ರಾನ್ ಕೂಪೆಗೆ ನಾಲ್ಕು ಬಾಗಿಲಿವೆ.

ಹಂತ 2: ಮುಂದಿನ ಎರಡು ಅಂಕಿಗೆ ಎರಡು ಸೊನ್ನೆ ಸೇರಿಸಿ, ಆಮೇಲೆ ಅನುಮಾನಪಡಿ

ಎಡವಟ್ಟಾಗುವುದು ಇಲ್ಲೇ. ಮೊದಲು ಹಳೇ ನಿಯಮ ಕಲಿಯೋಣ. 316ರಲ್ಲಿ 3 ತೆಗೆದರೆ 16 ಉಳಿಯುತ್ತದೆ. ಎರಡು ಸೊನ್ನೆ ಸೇರಿಸಿ: 1600 ಸಿಸಿ. 318 ಅಂದರೆ 1800, 320 ಅಂದರೆ 2000. 528 ಅಂದರೆ 5ರ ಗಾತ್ರದ ಕಾರಿನಲ್ಲಿ 2.8 ಲೀಟರ್ ಇಂಜಿನ್. ಎಷ್ಟು ಚೆಂದದ ಲೆಕ್ಕ ಅಲ್ವಾ? ಮೂರೇ ಅಂಕಿಯಲ್ಲಿ ಗಾತ್ರವೂ ಬಂತು, ಇಂಜಿನ್ನೂ ಬಂತು.

ಈ ಲೆಕ್ಕ ತಪ್ಪಲು ಶುರುವಾದದ್ದು ಟರ್ಬೊದಿಂದ. 1980ರ ಸುಮಾರಿಗೆ 745ಐ ಬಂತು. ಲೆಕ್ಕದ ಪ್ರಕಾರ 4.5 ಲೀಟರ್ ಇರಬೇಕು. ಇದ್ದದ್ದು 3.2 ಲೀಟರ್, ಜೊತೆಗೊಂದು ಟರ್ಬೊ. ಟರ್ಬೊ ಅಂದರೆ ಇಂಜಿನ್ ಬಿಡುವ ಹೊಗೆಯ ರಭಸದಿಂದ ತಿರುಗುವ ಚಕ್ರ. ಅದು ಸಿಲಿಂಡರಿನೊಳಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಗಾಳಿ ಜಾಸ್ತಿಯಾದರೆ ಇಂಧನವನ್ನೂ ಜಾಸ್ತಿ ಉರಿಸಬಹುದು. ಹಳ್ಳಿಮನೆಯ ಒಲೆಗೆ ಊದುಕೊಳವೆಯಲ್ಲಿ ಊದಿದ ಹಾಗೆ: ಒಲೆ ಅದೇ, ಉರಿ ಮಾತ್ರ ಜೋರು. ‘ಈ ಕಾರು 4.5 ಲೀಟರ್ ಕಾರಿನಷ್ಟು ಓಡುತ್ತದೆ’ ಎಂಬ ಅರ್ಥದಲ್ಲಿ 45 ಎಂದು ಬರೆದರು.

1990ರ ದಶಕದಲ್ಲಿ ಉಲ್ಟಾ ಕೂಡ ನಡೆಯಿತು. ಆಗಿನ 323ಐ ಒಳಗೆ ಇದ್ದದ್ದು 2.5 ಲೀಟರ್. ಅದಕ್ಕಿಂತ ಮುಂಚಿನ 325ಐ ಕೂಡ 2.5 ಲೀಟರೇ, ಆದರೆ ಅದಕ್ಕೆ 192 ಅಶ್ವಶಕ್ತಿ. 323ಐಗೆ 170. ಶಕ್ತಿ ಕಡಿಮೆ ಎಂದು ನಂಬರನ್ನೂ ಇಳಿಸಿದರು.

ಈಗಂತೂ ಆ ಎರಡು ಅಂಕಿ ಶಕ್ತಿಯ ಮೆಟ್ಟಿಲು ಅಷ್ಟೇ. ಯುರೋಪಿನಲ್ಲಿ ಮಾರಿದ ಈ ತಲೆಮಾರಿನ 3 ಸೀರೀಸ್ ಪೆಟ್ರೋಲ್ ಕಾರುಗಳನ್ನೇ ನೋಡಿ. 318ಐ, 320ಐ, 330ಐ. ಮೂರರಲ್ಲೂ 1998 ಸಿಸಿ, ನಾಲ್ಕು ಸಿಲಿಂಡರ್. ಒಂದು ಸಿಸಿಯೂ ಆಚೀಚೆ ಇಲ್ಲ. ಶಕ್ತಿ ಮಾತ್ರ 156, 184, 258 ಅಶ್ವಶಕ್ತಿ. ನಿಜವಾದ ಮೂರು ಲೀಟರ್, ಆರು ಸಿಲಿಂಡರ್ ಪೆಟ್ರೋಲ್ ಬೇಕು ಅಂದರೆ ಎಂ340ಐ ತನಕ ಹೋಗಬೇಕು. ಅದರದ್ದು 2998 ಸಿಸಿ.

ನಮ್ಮ ರಸ್ತೆಗಳಲ್ಲಿ ಜಾಸ್ತಿ ಕಾಣುವ ಎಕ್ಸ್1 ಇನ್ನೂ ಒಳ್ಳೇ ಉದಾಹರಣೆ. 2023ರಲ್ಲಿ ಇಲ್ಲಿಗೆ ಬಂದ ಎಕ್ಸ್1ರಲ್ಲಿ ಎರಡು ಆಯ್ಕೆ ಇದ್ದವು: 18ಐ ಮತ್ತು 18ಡಿ. ಎರಡಕ್ಕೂ 18 ಎಂದೇ ಹೆಸರು. ಮೊದಲನೆಯದು ಒಂದೂವರೆ ಲೀಟರ್, ಮೂರು ಸಿಲಿಂಡರ್, 136 ಅಶ್ವಶಕ್ತಿ. ಎರಡನೆಯದು ಎರಡು ಲೀಟರ್, ನಾಲ್ಕು ಸಿಲಿಂಡರ್, 150 ಅಶ್ವಶಕ್ತಿ. 1.8 ಲೀಟರ್ ಎರಡರಲ್ಲೂ ಇಲ್ಲ.

ಇದು ನನಗೆ ಬೇಸರದ ವಿಷಯ. ಅಷ್ಟು ಅಚ್ಚುಕಟ್ಟಾದ ಪದ್ಧತಿಯನ್ನು ಕೈಬಿಟ್ಟ ಮೇಲೆ, ಅದೇ ಅಂಕಿಗಳನ್ನು ಇಟ್ಟುಕೊಂಡರೆ ಜನ ತಪ್ಪು ತಿಳಿಯುವುದು ಸಹಜ. ಮರ್ಸಿಡಿಸ್‌ನಲ್ಲೂ ಹೀಗೇ ಆಗಿದೆ. ಸಿ, ಇ, ಎಸ್ ಎಂಬ ಅಕ್ಷರ ಗಾತ್ರ ಹೇಳುತ್ತದೆ, ಆದರೆ ಈಗಿನ ಸಿ 200 ಒಳಗಿರುವುದು 1496 ಸಿಸಿ. ಔಡಿ 2017ರಲ್ಲಿ ಲೀಟರ್ ಲೆಕ್ಕವನ್ನೇ ಬಿಟ್ಟು 30, 40, 45 ಎಂಬ ಹೊಸ ಅಂಕಿಗಳಿಗೆ ಬಂತು. ಅವು ಶಕ್ತಿಯ ಹಂತಗಳು ಅಂತ ಬಾಯಿಬಿಟ್ಟು ಹೇಳಿತು. ನನ್ನ ಮಟ್ಟಿಗೆ ಅದೇ ವಾಸಿ.

ಹಂತ 3: ಅಕ್ಷರಗಳನ್ನು ಬಿಡಿಸಿ ಓದಿ

‘ಡಿ’ ಅಂದರೆ ಡೀಸೆಲ್. ‘ಇ’ ಇದ್ದರೆ ಈಗ ಪ್ಲಗ್ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್. ‘ಐ’ ಮೊದಲು ಫ್ಯುಯೆಲ್ ಇಂಜೆಕ್ಷನ್‌ನ, ಅಂದರೆ ಇಂಧನವನ್ನು ಇಂಜಿನ್ನಿಗೆ ಚಿಮ್ಮಿಸುವ ಪದ್ಧತಿಯ ಗುರುತಾಗಿತ್ತು. ಆಗ ಕಾರ್ಬೊರೇಟರ್ ಕಾರುಗಳೂ ಇದ್ದವು, ಹಾಗಾಗಿ ವ್ಯತ್ಯಾಸ ತೋರಿಸಬೇಕಿತ್ತು. 1972ರಲ್ಲಿ 520 ಮತ್ತು 520ಐ ಎರಡೂ ಇದ್ದವು. ಬರಬರುತ್ತಾ ಎಲ್ಲಕ್ಕೂ ಇಂಜೆಕ್ಷನ್ ಬಂತು, ‘ಐ’ ಅಂದರೆ ಪೆಟ್ರೋಲ್ ಎಂಬ ಅರ್ಥ ಉಳಿಯಿತು. 2024ರಿಂದ ಹೊಸ ಪೆಟ್ರೋಲ್ ಕಾರುಗಳಿಂದ ಅದನ್ನೂ ತೆಗೆಯುತ್ತಿದ್ದಾರೆ. ಕಾರಣ, ಐ4, ಐ5, ಐ7 ಎಂದು ಮುಂದೆ ‘ಐ’ ಇರುವ ಈಗಿನ ಕಾರುಗಳೆಲ್ಲ ಎಲೆಕ್ಟ್ರಿಕ್. ಮುಂದೆ ಇದ್ದರೆ ಕರೆಂಟು, ಹಿಂದೆ ಇದ್ದರೆ ಪೆಟ್ರೋಲ್ ಅಂತ ನೆನಪಿಡಿ.

‘ಎಲ್’ ನಮ್ಮವರಿಗೆ ಮುಖ್ಯ. ಡ್ರೈವರ್ ಇಟ್ಟುಕೊಂಡು ಹಿಂದೆ ಕೂರುವವರು ಇಲ್ಲಿ ಜಾಸ್ತಿ. 330ಎಲ್‌ಐ ಎಂದಿದ್ದರೆ ಉದ್ದದ ವೀಲ್‌ಬೇಸ್. ಮಾಮೂಲಿ 3 ಸೀರೀಸ್‌ನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2851 ಮಿಲಿಮೀಟರ್, ಎಲ್ ಇರುವುದರಲ್ಲಿ 2961. ಆ 11 ಸೆಂಟಿಮೀಟರ್ ಹಿಂದೆ ಕೂತವರ ಮಂಡಿಗೆ ಗೊತ್ತಾಗುತ್ತದೆ.

‘ಎಕ್ಸ್‌ಡ್ರೈವ್’ ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ. ‘ಎಸ್‌ಡ್ರೈವ್’ ಅಂದರೆ ಎರಡಕ್ಕೆ ಮಾತ್ರ. ಯಾವ ಎರಡು ಅಂತ ಹೆಸರು ಹೇಳುವುದಿಲ್ಲ. ಮೊದಲ ತಲೆಮಾರಿನ ಎಕ್ಸ್1ರಲ್ಲಿ ಅದು ಹಿಂದಿನ ಚಕ್ರ, ಆಮೇಲಿನವುಗಳಲ್ಲಿ ಮುಂದಿನ ಚಕ್ರ.

ಇನ್ನು ‘ಎಂ’. ಎಂ3, ಎಂ5 ಎಂದು ಒಂದೇ ಅಂಕಿ ಇದ್ದರೆ ರೇಸಿನ ಜಾಡಿನ ಕಾರು. ಎಂ340ಐ ಅಂತ ಮೂರಂಕಿಯ ಮುಂದೆ ಇದ್ದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಆದರೆ ‘ಎಂ ಸ್ಪೋರ್ಟ್’ ಹೆಚ್ಚಾಗಿ ಅಲಂಕಾರದ ಪ್ಯಾಕೇಜ್: ಬಂಪರ್, ಸ್ಟೀರಿಂಗ್, ಚಕ್ರ ಇಂಥವು. 320ಡಿ ಎಂ ಸ್ಪೋರ್ಟ್‌ನ ಇಂಜಿನ್ 320ಡಿಯದ್ದೇ. ಪಕ್ಕದ ಫೆಂಡರ್ ಮೇಲೆ ಎಂ ಗುರುತು ನೋಡಿ ದುಡ್ಡು ಜಾಸ್ತಿ ಕೊಡಬೇಡಿ.

ಹಂತ 4: ಎಲೆಕ್ಟ್ರಿಕ್ ಆದರೆ ಲೀಟರ್ ಮರೆತುಬಿಡಿ

ಐ4 ಇಡ್ರೈವ್40, ಐ7 ಎಕ್ಸ್‌ಡ್ರೈವ್60 ಇಂಥ ಹೆಸರಲ್ಲಿ 40, 60 ಬ್ಯಾಟರಿಯ ಅಳತೆಯಲ್ಲ. ಅದೂ ಶಕ್ತಿಯ ಮೆಟ್ಟಿಲೇ. ಐ4ರ 40ಕ್ಕೆ 340 ಅಶ್ವಶಕ್ತಿ, ಐ7ರ 60ಕ್ಕೆ 544.

ಹಂತ 5: ಡಿಕ್ಕಿ ಬಿಟ್ಟು ಕಾಗದ ನೋಡಿ

ಡಿಕ್ಕಿಯ ಅಕ್ಷರಗಳು ಅಂಟಿನಲ್ಲಿ ನಿಂತಿರುತ್ತವೆ. ತೆಗೆಯುವುದೂ ಸುಲಭ, ಬೇರೆಯದು ಅಂಟಿಸುವುದೂ ಸುಲಭ. ಹಾಗಾಗಿ ಹಳೇ ಕಾರು ಕೊಳ್ಳುವಾಗ ಆರ್‌ಸಿಯಲ್ಲಿ ಸಿಸಿ, ಸಿಲಿಂಡರ್ ಸಂಖ್ಯೆ, ವೀಲ್‌ಬೇಸ್ ಈ ಮೂರನ್ನು ನೋಡಿ. ಮಿಲಿಮೀಟರ್ ಲೆಕ್ಕದ ವೀಲ್‌ಬೇಸ್ ನೋಡಿದರೆ ಅದು ಎಲ್ ಹೌದೋ ಅಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಸಿಸಿ ನೋಡಲು ಇನ್ನೊಂದು ಕಾರಣ ಇನ್ಶೂರೆನ್ಸ್. ಥರ್ಡ್ ಪಾರ್ಟಿ ಪ್ರೀಮಿಯಂ ಡಿಕ್ಕಿಯ ನಂಬರ್ ಕೇಳುವುದಿಲ್ಲ. 1000 ಸಿಸಿವರೆಗೆ ಒಂದು ದರ, ಅಲ್ಲಿಂದ 1500ರವರೆಗೆ ಇನ್ನೊಂದು, ಅದರ ಮೇಲೆ ಮತ್ತೊಂದು. 2022ರಲ್ಲಿ ನಿಗದಿಯಾದ ದರದಲ್ಲಿ ನಡುವಿನ ಹಂತಕ್ಕೆ ವರ್ಷಕ್ಕೆ 3416 ರೂಪಾಯಿ, ಮೇಲಿನ ಹಂತಕ್ಕೆ 7897. ಈಗ ಎಕ್ಸ್1 ನೆನಪಿಸಿಕೊಳ್ಳಿ. 18ಐ 1499 ಸಿಸಿ, ನಡುವಿನ ಹಂತ. 18ಡಿ 1995 ಸಿಸಿ, ಮೇಲಿನ ಹಂತ. ಹೆಸರಲ್ಲಿ ಒಂದೇ 18, ಪ್ರೀಮಿಯಂ ಮಾತ್ರ ದುಪ್ಪಟ್ಟಿಗಿಂತ ಜಾಸ್ತಿ.

ಅನುಮಾನ ಉಳಿದರೆ 17 ಅಕ್ಷರದ ಚಾಸಿಸ್ ನಂಬರ್ ಬರೆದುಕೊಂಡು ಕಂಪನಿಯ ಸರ್ವೀಸ್ ಸೆಂಟರ್‌ನಲ್ಲಿ ಕೇಳಿ. ನಾವು ಅದನ್ನೇ ಮಾಡಿದೆವು. ಕಾರು ಅಸಲಿ 330ಐ ಆಗಿತ್ತು, ಎರಡು ಲೀಟರ್, 258 ಅಶ್ವಶಕ್ತಿ. ಒಂದು ಸುತ್ತು ಓಡಿಸಿ ಬಂದ ಭಾವ, ಎರಡು ಲೀಟರ್ ಕಾರಿನ ಬೆಲೆಗೆ ಚೌಕಾಸಿ ಮಾಡಲು ಕೂತರು.